ಕೆರೆಯೊಳಗಿನ ಅತ್ತೆಮ್ಮ

ಒಂದಾನೊಂದು ಕಾಲದಲ್ಲಿ, ಕೆರೆ ನೀರನ್ನ ಬೊಗಸೇಲಿ ಎತ್ತಿ ಹಾಗೇ ಕುಡೀತಿದ್ದ ಕಾಲ ಅದು ಕಂದಾ, ಗೂಳಿಗೆರೆ ಅಂತ ಒಂದು ಊರಿತ್ತಂತೆ. ಆ ಊರ ಕೆರೆ ಅಷ್ಟೇನೂ ಆಳ ಇರಲಿಲ್ಲ, ಎಮ್ಮೆ ನಿಂತರೆ ಬೆನ್ನು ಕಾಣ್ತಿತ್ತು. ಆದರೆ ನೀರು ಎಂಥಾ ತಿಳಿ ಅಂದ್ರೆ, ತಳದಲ್ಲಿ ನೀರುಗಿಡಗಳು ತಲೆದೂಗೋದು ದಡದ ಮೇಲಿಂದಲೇ ಕಾಣೋದಂತೆ.

ಕೆರೆ ಏರಿ ಪಕ್ಕದಲ್ಲೇ ಮೀನು ಹಿಡಿಯೋರ ಮನೆ. ಯಜಮಾನಿ ದೊಡ್ಡೀರಮ್ಮ, ಅವಳಿಗೆ ಮೂರು ಜನ ಗಂಡುಮಕ್ಕಳು, ಮೂರು ಜನ ಸೊಸೆಯರು. ದೊಡ್ಡವಳು ಕಾಳವ್ವ, ನಡುವಿನವಳು ಚಿಕ್ಕತಾಯಿ, ಕೊನೆಯವಳು ಮುದ್ದೀರಿ. ಮುದ್ದೀರಿ ತಾಯಿಲ್ಲದ ಹುಡುಗಿ. ಅವಳ ತಲೆ ಬಾಚಿ, ಬೈದು, ಬೈದ ಮೇಲೆ ಬೆಲ್ಲ ಕೊಟ್ಟು ಸಮಾಧಾನ ಮಾಡ್ತಿದ್ದವಳು ಈ ಅತ್ತೇನೇ. ಹಾಗಾಗಿ ಅವಳಿಗೆ ಅತ್ತೆ ಅಂದ್ರೆ ಪ್ರಾಣ.

ಆ ಕೆರೇಲಿ ಒಂದು ದೊಡ್ಡ ಬಾಳೆಮೀನಿತ್ತು, ಅದರ ಬಳಗವೂ ಇತ್ತು. ಅದು ಗಿಡದ ಮರೇಲಿ ಅಲ್ಲಾಡದೆ ಕೂತಿದ್ದು, ಬೆರಳುದ್ದದ ಸಾಸಲು ಮೀನು ಬಂದ ತಕ್ಷಣ ಗಬಕ್ ಅಂತ ನುಂಗೋದಂತೆ. ಅದು ಬಂತು ಅಂದ್ರೆ ಸಾಕು, ಮರಿಮೀನೆಲ್ಲ ಗಪ್‌ಚಿಪ್. ಅದನ್ನ ನೋಡಿ ಈ ಸೊಸೆಯರು ಮೂವರೂ ಸೇರಿ ಗುಟ್ಟಾಗಿ ಅದಕ್ಕೊಂದು ಹೆಸರಿಟ್ಟಿದ್ದರು. ಏನು ಹೇಳು? ಅತ್ತೆಮ್ಮ! ನಗಬೇಡ ಕಂದಾ, ಕತೆ ಕೆಟ್ಟಿದ್ದೇ ಅಲ್ಲಿಂದ.

ಒಂದಿನ ಮೂವರೂ ಹಿತ್ತಲಲ್ಲಿ ಪಾತ್ರೆ ಉಜ್ತಾ ಕೂತಿದ್ರಂತೆ. ಕಾಳವ್ವ ಅಂದಳಂತೆ, ಈ ಅತ್ತೆಮ್ಮನ್ನ ಆಚೆ ಹಾಕ್ಬೇಕು ಕಣ್ರೇ, ಇರೋದೆಲ್ಲ ಅವಳೇ ತಿಂದು ಮುಗಿಸ್ತಾಳೆ, ನಮಗೆ ಹುರ್ಕೊಂಡು ತಿನ್ನೋಕೆ ಏನೂ ಉಳಿಯಲ್ಲ. ಚಿಕ್ಕತಾಯಿ, ಹೂಂ ಅಕ್ಕ, ಬಾಯಿ ನೋಡಿದ್ದೀಯಾ, ಕಿವೀವರೆಗೂ ಇದೆ ಅಂದಳು. ಮುದ್ದೀರಿ ಕಿಸಕ್ಕನೆ ನಕ್ಕು, ಮೀಸೆ ಬೇರೆ ಇದೆ ಅಂದುಬಿಟ್ಟಳು.

ಗೋಡೆ ಆಚೆ ಬೆರಣಿ ತಟ್ಟುತ್ತಿದ್ದ ದೊಡ್ಡೀರಮ್ಮ ಮೇಲ್ದುಟಿ ಮುಟ್ಟಿ ನೋಡ್ಕೊಂಡಳಂತೆ! ಅವಳಿಗೆ ಆ ಗುಟ್ಟಿನ ಹೆಸರು ಎಲ್ಲಿ ಗೊತ್ತು ಪಾಪ? ಕಾಳವ್ವ ಅಂದಿದ್ದಕ್ಕಿಂತ ಮುದ್ದೀರಿ ನಕ್ಕಿದ್ದು ಅವಳಿಗೆ ಚುಚ್ಚಿತು. ಕೈ ತೊಳೆದು, ಸೀರೆ ಗಂಟು ಕಟ್ಟಿ, ಆಚೆ ಹಾಕೋರ ಮನೇಲಿ ನಾನ್ಯಾಕಿರಲಿ ಅಂತ ಗೊಣಗ್ತಾ ಪಕ್ಕದೂರಿನ ತಮ್ಮನ ಮನೆಗೆ ಹೊರಟೇಬಿಟ್ಟಳಂತೆ. ಸೊಸೆಯರಿಗೆ ತಲೆಬುಡ ತಿಳೀಲಿಲ್ಲ.

ಆಮೇಲೆ ಇತ್ತ ಗಂಡುಮಕ್ಕಳು ಹೆಂಡ್ತೀರ ಮಾತು ಕೇಳಿ ಬಲೆ ಹಾಕಿ, ಬಾಳೆಮೀನನ್ನ ಬಳಗದ ಸಮೇತ ಹಿಡಿದರು. ಅಷ್ಟು ದಿನ ಅತ್ತೆಮ್ಮ ಅಂತ ಕರೆದದ್ದನ್ನ ಸಾರು ಮಾಡೋಕೆ ಸೊಸೆಯರಿಗೆ ಮನಸ್ಸು ಬರಲಿಲ್ಲ. ಹಂಡೇಲಿ ನೀರು ತುಂಬಿ ಅದರಲ್ಲಿ ಹಾಕ್ಕೊಂಡು ಹೋಗಿ ಆ ಸೋದರಮಾವನ ಊರಿನ ಕಟ್ಟೆ ನೀರಿಗೇ ಬಿಟ್ಟು ಬಂದರಂತೆ. ಹಾಗೆ ಅತ್ತೆಯರಿಬ್ಬರೂ ಒಂದೇ ಊರು ಸೇರಿದರು.

ಮೊದಮೊದಲು ಗೂಳಿಗೆರೇಲಿ ಹಬ್ಬವೇ ಹಬ್ಬ. ಸಾಸಲು ಮೀನು ಬುಟ್ಟಿಗಟ್ಟಲೆ! ಆಮೇಲೆ ಅವು ಮರಿ ಹಾಕಿ, ಮರೀನೂ ಮರಿ ಹಾಕಿ, ಕೆರೆ ತುಂಬ ಅವೇ ಆಗಿ, ಒಂದಕ್ಕೂ ಹೊಟ್ಟೆಗೆ ಸಾಲದೆ ಬರೀ ಮುಳ್ಳಾದವು. ಆಮೇಲೆ ನೀರು ಹಸಿರಾಯ್ತು. ಆಮೇಲೆ ಬಿಸಿಲು ತಳ ಮುಟ್ಟದೆ ಗಿಡವೆಲ್ಲ ಕೊಳೆತು ಕೆರೆ ನಾರೋಕೆ ಶುರುವಾಯ್ತಂತೆ. ಮನೇಲೂ ಅದೇ ಗತಿ. ಒಲೆ ಹೊತ್ತಿಸೋರು ಯಾರು, ನೀರು ತರೋರು ಯಾರು ಅಂತ ದಿನಾ ಜಗಳ. ಮುದ್ದೀರಿ ಮಾತ್ರ ಮೂಲೇಲಿ ಕೂತು ಅಳ್ತಿದ್ದಳು. ಅತ್ತೆ ಇನ್ನು ಬರೋದೇ ಇಲ್ವೇನೋ ಅಂತ ಅವಳಿಗೆ ಭಯ.

ಅತ್ತೆಗೆ ಬಾಯಿರುಚಿ ಕೆಟ್ಟಿರಬೇಕು ಅಂತ ಕಾಳವ್ವ ಒಬ್ಬಟ್ಟು ಮಾಡ್ಕೊಂಡು ಕರೆಯೋಕೆ ಹೋದಳು. ದೊಡ್ಡೀರಮ್ಮ ತಿರುಗಿಯೂ ನೋಡಲಿಲ್ಲ. ಸೀರೆಗೋಸ್ಕರ ಮುನಿಸಿರಬೇಕು ಅಂತ ಚಿಕ್ಕತಾಯಿ ಹೊಸ ಸೀರೆ ತಗೊಂಡು ಹೋದಳು. ಆಗಲೂ ಅತ್ತೆ ಜಗಲಿ ಬಿಟ್ಟು ಏಳಲಿಲ್ಲ. ಮುದ್ದೀರಿ ಹತ್ರ ಕೊಡೋಕೆ ಏನಿತ್ತು? ಕೆರೇಲಿ ಒಂದು ಚೊಂಬು ನೀರು ತುಂಬ್ಕೊಂಡು, ಅತ್ತೆ ಮುಂದೆ ಇಟ್ಟಳಂತೆ.

ಚೊಂಬಿನೊಳಗೆ ಇಣುಕಿದ ದೊಡ್ಡೀರಮ್ಮ, ಅಯ್ಯೋ ನನ್ನ ಕಂದಾ, ಇದನ್ನ ಕುಡೀತಿದ್ದೀಯೇನೇ ಅಂತ ಎದ್ದು ನಿಂತಳು.

ಮುದ್ದೀರಿ ಅಳ್ತಾ ಅಂದಳು, ಅತ್ತೆಮ್ಮನ್ನ ಆಚೆ ಹಾಕಿದ ಮೇಲೆ ಹೀಗಾಯ್ತು ಅತ್ತೆ.

ನನ್ನನ್ನಾ?

ನಿಮ್ಮನ್ನಲ್ಲ, ಆ ದೊಡ್ಡ ಬಾಯಿ ಬಾಳೆಮೀನನ್ನ. ಅಂದವಳೇ ನಾಲಿಗೆ ಕಚ್ಕೊಂಡಳು.

ದೊಡ್ಡೀರಮ್ಮ, ಹಾಗಾದ್ರೆ ಮೀಸೆ ಇರೋದೂ ಅದಕ್ಕೇನಾ ಅಂದಳಂತೆ. ಮುದ್ದೀರಿ ತಲೆ ತಗ್ಗಿಸಿ ಹೂಂಗುಟ್ಟಿದಳು. ಮುದುಕಿ ಹೊಟ್ಟೆ ಹಿಡ್ಕೊಂಡು ನಕ್ಕಿದ್ದೇ ನಕ್ಕಿದ್ದು. ನಾವು ಸೊಸೆಯರಾಗಿದ್ದಾಗ ಅದನ್ನ ನಾದಿನಿ ಅಂತಿದ್ವಿ ಕಣೇ ಅಂದಳಂತೆ!

ಆಮೇಲೆ ಅವಳನ್ನ ಕಟ್ಟೆ ಹತ್ರ ಕರ್ಕೊಂಡು ಹೋಗಿ ತೋರಿಸಿದಳು. ನೋಡು, ಆ ಮೀನು ಬಂದ ಮೇಲೆ ಈ ನೀರು ಎಷ್ಟು ತಿಳಿಯಾಗಿದೆ. ನೀರಲ್ಲಿ ಸಾಸಿವೆಗಿಂತ ಸಣ್ಣ ಹುಳ ಇರ್ತಾವೆ ಮಗಾ, ಕುರಿ ಹುಲ್ಲು ಮೇಯ್ದ ಹಾಗೆ ಅವು ನೀರಿನ ಹಸಿರು ಪಾಚೀನ ಮೇಯ್ತಾವೆ. ಆ ಹುಳಾನ ಸಾಸಲು ತಿನ್ನುತ್ತೆ. ಸಾಸಲನ್ನ ಬಾಳೆಮೀನು ತಿನ್ನುತ್ತೆ. ನೀವು ಬಾಳೆಮೀನನ್ನ ಓಡಿಸಿದ್ರಿ, ಸಾಸಲು ಮಿತಿಮೀರಿ ಬೆಳೆದು ಹುಳಾನೆಲ್ಲ ಮುಗಿಸ್ತು, ಇನ್ನು ಹಸಿರನ್ನ ಮೇಯೋರು ಯಾರು?

ಮಾರನೇ ದಿನ ಗಂಡುಮಕ್ಕಳು ಹಂಡೆ ಹೊತ್ತು ಬಂದರು. ಮುಂದೆ ಹಂಡೆಯೊಳಗೆ ಮೀನತ್ತೆ ಬಳಗದ ಜೊತೆ, ಹಿಂದೆ ಮುದ್ದೀರಿ ಕೈ ಹಿಡ್ಕೊಂಡು ಮನೆಯತ್ತೆ. ಕೆರೆಗೆ ಬಿಟ್ಟ ತಕ್ಷಣ ಮೀನು ಬಾಲ ಬೀಸಿ ಮಾಯವಾಯ್ತು. ಒಂದೇ ದಿನಕ್ಕೆ ಏನೂ ಆಗಲಿಲ್ಲ, ಅವಸರ ಮಾಡಬೇಡ. ಮಳೆ ಬಂತು, ಮಳೆ ಹೋಯ್ತು. ಸಾಸಲು ಕಮ್ಮಿಯಾಗಿ, ಉಳಿದವು ಮೈ ತುಂಬ್ಕೊಂಡವು. ಹುಳ ಹೆಚ್ಚಿ ಹಸಿರು ಇಳೀತು, ಬಿಸಿಲು ತಳ ಮುಟ್ಟಿತು, ಗಿಡ ಚಿಗುರಿತಂತೆ.

ಒಂದು ಬೆಳಿಗ್ಗೆ ಮುದ್ದೀರಿ ಕೊಡ ತಗೊಂಡು ನೀರಿಗಿಳಿದರೆ ತನ್ನ ಕಾಲ್ಬೆರಳು ಕಾಣಿಸಬೇಕೇ! ಅತ್ತೇ ಅಂತ ಕೂಗಿದ್ದು ಊರಿಗೆಲ್ಲ ಕೇಳಿಸ್ತಂತೆ. ದೊಡ್ಡೀರಮ್ಮ ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗಿಳಿದಳು, ಹಿಂದೇನೇ ಉಳಿದ ಸೊಸೆಯರೂ ಓಡಿಬಂದರು. ಆಮೇಲೆ ಅತ್ತೆ ಸೊಂಟದ ಮೇಲೆ ಕೈಯಿಟ್ಟು, ನೀರಲ್ಲಿ ಅವಳಿಗೆ ಹೆದರಿ, ಮನೇಲಿ ನನಗೆ ಹೆದರಿ, ತಿಳೀತಾ ಅಂತ ಗದರಿಸಿದಳು. ಮುದ್ದೀರಿ ನೀರು ಎರಚ್ತಾ, ಅವಳಿಗೆ ಬೇಕಾದ್ರೆ ಹೆದರ್ತೀನಿ, ನಿಮಗೆ ಮಾತ್ರ ಆಗಲ್ಲ, ಅಮ್ಮಾ ಅಂದುಬಿಟ್ಟಳು.

ಅಮ್ಮ ಅಂದಿದ್ದು ಅದೇ ಮೊದಲು. ಮುದುಕಿ ಅವಳನ್ನ ತಬ್ಕೊಂಡು ನೀರಲ್ಲೇ ನಿಂತಳಂತೆ. ಕೆರೆ ತಿಳಿಯಾಯ್ತು, ಮನೆ ತುಂಬಿತು, ನನ್ನ ಕತೆ ಮುಗೀತು. ಎಲ್ಲಿ, ಹೂಂ ಅನ್ನು ನೋಡೋಣ? ಮಲಗೇಬಿಟ್ಯಾ ಕಳ್ಳಾ.