ದಾನವ್ವನ ಮಗ ತಂದ ಒಲೆ

ಕರಡಿಹಾಳದಲ್ಲಿ ಸೋಮವಾರ ಬೆಳಗಿನ ಒಂಬತ್ತರ ಬಸ್ಸು ಹೊರಟ ಮೇಲೆ ಊರಿಗೆ ಊರೇ ಕಳವಳಕ್ಕೆ ಬಿತ್ತು. ದಾನವ್ವ ತನ್ನ ಮಗ ಈರಭದ್ರನನ್ನು ಒಲೆ ತರಲು ಒಬ್ಬನನ್ನೇ ಪೇಟೆಗೆ ಕಳಿಸಿದ್ದಳು.

ಈರಭದ್ರನಿಗೆ ಇಪ್ಪತ್ತೆಂಟು ತುಂಬಿತ್ತು. ಹೇಳಿದ್ದನ್ನು ಮಾಡುವ ಮಗ. ಹೇಳಿದ್ದನ್ನಷ್ಟೇ ಮಾಡುವ ಮಗ. ಅವನಿಗೆ ಬುದ್ಧಿ ಬರಲೆಂದೇ ದಾನವ್ವ ಶ್ರೀಶೈಲದ ಮಲ್ಲಯ್ಯನಿಗೆ ಹರಕೆ ಹೊತ್ತಿದ್ದಳು: ನಡಕೊಂಡು ಬರುತ್ತೇನೆ, ದಾರಿಯಲ್ಲಿ ಮೂರನೆಯ ದಿನದ ಬಯಲಲ್ಲೇ ಹನ್ನೊಂದು ಮಂದಿಗೆ ಬಿಸಿ ಉಪ್ಪಿಟ್ಟು ಉಣಿಸುತ್ತೇನೆ. ಹೋದ ವರ್ಷ ಆ ಬಯಲಲ್ಲಿ ಒಂದು ಪುಳ್ಳೆ ಕಟ್ಟಿಗೆ ಸಿಗದೆ ಹರಕೆ ಹಾಗೇ ಉಳಿದಿತ್ತು. ಈ ವರ್ಷ ಹೊತ್ತೊಯ್ಯುವಂಥ ಒಲೆ ಬೇಕಿತ್ತು. ಆದರೆ ಅವರ ಪಾದಯಾತ್ರೆ ತಂಡದ ಕಟ್ಟಳೆ ಬಿಗಿ. ದಾನವ್ವನಂತೆ ಕಂಕಣ ಕಟ್ಟಿಕೊಂಡ ಹರಕೆಯವರು ನಡಿಗೆ ಶುರುವಾಗುವ ತನಕ ಊರ ಗಡಿ ದಾಟುವಂತಿಲ್ಲ. ಹರಕೆಯ ಒಲೆ ತರಲೂ ಅಡುಗೆ ಮಾಡಲೂ ಮನೆಯವರದೇ ಕೈ ಆಗಬೇಕು. ಮನೆಯಲ್ಲಿ ಉಳಿದ ಕೈ ಈರಭದ್ರನದು.

"ನೋಡಪಾ, ಎಲ್ಲಾಕಿಂತ ಹಗುರ ಇರೋದು ತಗೊಂಡು ಬಾ," ಅಂದಿದ್ದಳು.

ಈರಭದ್ರ ಅಂಗಡಿಯ ಒಲೆಗಳನ್ನೆಲ್ಲ ಒಂದೊಂದಾಗಿ ಎತ್ತಿ ನೋಡಿದ. ಎಲ್ಲಕ್ಕಿಂತ ಹಗುರವಾದದ್ದನ್ನು ತಂದ. ದಾನವ್ವ ಡಬ್ಬ ತೆಗೆದಳು. ಒಳಗೆ ಏನೂ ಇರಲಿಲ್ಲ.

"ಒಲಿ ಎಲ್ಲೈತೋ?"

"ಒಲಿ ಇದ್ದ ಡಬ್ಬಿ ಎಲ್ಲಾ ಭಾರ ಇದ್ವು, ಯವ್ವಾ. ಅಂಗಡಿಯಾಂವ ಇದು ಖಾಲಿ ಐತಿ ಅಂದ. ಹಗುರ ಐತಲ್ಲ, ಕೊಡು ಅಂದೆ."

"ಬಿಚ್ಚಿ ನೋಡಬಾರದೇನೋ? ತರೂ ಮುಂದ ಪೂರಾ ಬಿಚ್ಚಿ ನೋಡಬೇಕು."

"ಹೂಂ."

ಮಂಗಳವಾರ ಹೋದ. ಸೀಮೆಎಣ್ಣೆಯ ಪಂಪ್ ಸ್ಟವ್ ಆರಿಸಿದ. ಒಳ್ಳೆಯ ಹಿತ್ತಾಳೆಯದು. ಅಂಗಡಿಯ ಮೆಟ್ಟಿಲ ಮೇಲೆ ಕೂತು ಪೂರಾ ಬಿಚ್ಚಿ ನೋಡಿದ. ಸಂಜೆ ಮನೆಗೆ ಬಂದು ಚೀಲ ಸುರುವಿದ. ಸ್ಕ್ರೂ, ವಾಷರ್, ಕೊಳವೆ, ಕಾಲು ಮೂರು. ದಾನವ್ವ ಒಂದು ಕೊಳವೆ ಎತ್ತಿ ಹಿಡಿದಳು.

"ಮತ್ತ ಜೋಡಸಲಿಲ್ಲೇನೋ?"

"ಜೋಡಸು ಅಂತ ನೀ ಅಂದಿಲ್ಲ."

ಪಕ್ಕದ ಮನೆಯ ಪಾರವ್ವ ಗೋಡೆಯಾಚೆಯಿಂದ ಕೇಳಿದಳು, "ಏನ ದಾನವ್ವಕ್ಕ, ಮಗಾ ಗುಜರಿ ವ್ಯಾಪಾರ ಹಿಡದನೇನು?" ಊರ ಮೆಕ್ಯಾನಿಕ್ ಒಂದು ತಾಸು ಕೂತ. ಅವನು ಜೋಡಿಸಿ ಮುಗಿಸಿದಾಗ ಏಳು ಭಾಗ ಮಿಕ್ಕಿದ್ದವು, ಸ್ಟವ್ ಹೊತ್ತಲಿಲ್ಲ.

ದಾನವ್ವ ಹಣೆ ಒತ್ತಿಕೊಂಡಳು. "ಅಲ್ಲೇ ಹಚ್ಚಿ ನೋಡಿ ತಗೊಂಡು ಬಾರೋ ನಮ್ಮಪ್ಪಾ. ಹಚ್ಚಿ ನೋಡಿ."

ಬುಧವಾರ ಈರಭದ್ರ ತಂದದ್ದು ನಿಜಕ್ಕೂ ಒಳ್ಳೆಯ ಒಲೆ. ಬೆಟ್ಟ ಹತ್ತುವ ಹುಡುಗರು ಒಯ್ಯುವಂಥದು: ಅಂಗೈಯಷ್ಟಗಲ, ಗ್ಯಾಸ್ ಡಬ್ಬಿಯ ನೆತ್ತಿಯ ಮೇಲೆ ಕೂರುತ್ತದೆ. ಅಂಗಡಿಯಲ್ಲೇ ಹಚ್ಚಿ ನೋಡಿದ, ತಂದ. ಉರಿಯುವ ಒಲೆಯನ್ನು ಕಂಡಕ್ಟರ್ ಹತ್ತಿಸಿಕೊಳ್ಳಲಿಲ್ಲ. ಎಂಟು ಕಿಲೋಮೀಟರ್ ನಡೆದ, ಬಲಗೈಯಲ್ಲಿ ಒಲೆ, ಎಡಗೈಯಲ್ಲಿ ಗಾಳಿಗೆ ಅಡ್ಡ ಹಿಡಿದ ಟವೆಲ್. ಮನೆಯ ಮುಂದೆ ಬಂದಾಗ ಟವೆಲ್ ಅರ್ಧ ಸುಟ್ಟಿತ್ತು. ಅವ್ವ ನೋಡನೋಡುತ್ತಿದ್ದಂತೆ ಗ್ಯಾಸು ಮುಗಿಯಿತು.

"ದಾರಿ ಪೂರ್ತಿ ಉರಸಕೋತ ಬಂದ್ಯೇನೋ?"

"ಹಚ್ಚಿ ತಗೊಂಡು ಬಾ ಅಂದಿದ್ದಿ."

ದಾನವ್ವ ಅವನನ್ನು ಎದುರಿಗೆ ಕೂರಿಸಿಕೊಂಡಳು. ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. "ಕೇಳು. ಕಡ್ಡಿ ಗೀರಬೇಕು. ಹಚ್ಚಬೇಕು. ಹೊತ್ತಿತು ಅಂತ ಕಣ್ಣಿಲೆ ನೋಡಬೇಕು. ನೋಡಿದ ಮ್ಯಾಲೆ ಆರಸಬೇಕು. ತಿಳೀತೇನು?"

"ತಿಳೀತು, ಯವ್ವಾ." ಈರಭದ್ರ ಎರಡು ಸಲ ಬಾಯಿಪಾಠ ಒಪ್ಪಿಸಿದ. ತಪ್ಪಿಲ್ಲ. ಗ್ಯಾಸಿಗೆ ಕಟ್ಟಳೆ ಇಲ್ಲವೆಂದು ದಾನವ್ವ ಪೇಟೆಗೆ ಹೊರಟಿದ್ದ ಪಾರವ್ವನ ಗಂಡನ ಕೈಲಿ ಎರಡು ಹೊಸ ಗ್ಯಾಸ್ ಡಬ್ಬಿ ತರಿಸಿದಳು. ಒಲೆ ಸಿಕ್ಕಿತು, ಇನ್ನೇನು ಹರಕೆ ತೀರಿದಂತೆಯೇ ಅಂದುಕೊಂಡಳು.

ನಡಿಗೆಯ ಮೂರನೆಯ ದಿನ ಆ ಬಯಲು ಬಂತು. ಹರಕೆಯವರು ಮಲ್ಲಯ್ಯನ ಹೆಸರಲ್ಲಿ ಹೆಗಲ ಮೇಲೆ ಹೊತ್ತು ತರುವ ಕಂಬಿಗಿಂತ ಮುಂದೆ ಹೆಜ್ಜೆ ಇಡುವಂತಿಲ್ಲ. ಅಡುಗೆಯವರು ಮಾತ್ರ ಒಂದು ತಾಸು ಮುಂದೆ ಹೋಗಬೇಕು. ಈರಭದ್ರ ಒಲೆ, ಗ್ಯಾಸ್ ಡಬ್ಬಿ, ಬೋಗುಣಿ, ರವೆ, ಎರಡು ಕಡ್ಡಿಪೆಟ್ಟಿಗೆ ಹೊತ್ತು ಮುಂದೆ ಹೋದ.

ಬಿಸಿಲೇರಿದಾಗ ಹನ್ನೊಂದು ಮಂದಿ ಹಸಿದು ಬಯಲಿನ ಕಾಲುವೆ ದಂಡೆಗೆ ಬಂದರು. ಮಗ ಒಲೆಯ ಮುಂದೆ ಕೂತಿದ್ದ. ಬೋಗುಣಿಯ ನೀರು ತಣ್ಣಗಿತ್ತು. ಸುತ್ತ ಸುಟ್ಟ ಕಡ್ಡಿಗಳು.

"ಹೊತ್ತಲಿಲ್ಲೇನೋ?" ದಾನವ್ವ ಕೇಳಿದಳು.

"ಹೊತ್ತಿತು, ಯವ್ವಾ. ಹಚ್ಚಿದಾಗೊಮ್ಮೆ ಹೊತ್ತಿತು. ಕಣ್ಣಿಲೆ ನೋಡಿದೆ. ಆರಸಿದೆ."

"ಎಷ್ಟು ಸಲ?"

"ಎರಡೂ ಪೆಟಗಿ ಮುಗಿಯೂತನಾ."

ಹರಕೆಯವರೆಲ್ಲ ಬೀಡಿ ಬಿಟ್ಟಿದ್ದರು, ಯಾರ ಜೇಬಿನಲ್ಲೂ ಕಡ್ಡಿಪೆಟ್ಟಿಗೆ ಇರಲಿಲ್ಲ. ಮುಂದಿನ ಊರು ಹನ್ನೆರಡು ಕಿಲೋಮೀಟರ್. ತಂಡದ ಹಿರಿಯ ಸಂಗನಗೌಡರು ಒಲೆಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

"ಒಲಿ ಭಾಳ ಚಲೋ ಐತಿ ಬಿಡು, ದಾನವ್ವ," ಅಂದರು.

ಹನ್ನೊಂದು ಮಂದಿಯೂ ಒಣ ಅವಲಕ್ಕಿ ತಿಂದು ಮುಂದೆ ನಡೆದರು. ಹರಕೆ ಮುಂದಿನ ವರ್ಷಕ್ಕೆ ಹೋಯಿತು.