ಹಸಿರಿನ ಚಿಪ್ಪು

"ಗುರುಗಳೇ, ಅಮ್ಮ ಮತ್ತೆ ಹೇಳಿ ಕಳಿಸಿದ್ದಾಳೆ, ತನಗೆ ಮೈಯಲ್ಲಿ ಹುಷಾರಿಲ್ಲ, ಬಂದು ಹೋಗು ಎಂದು. ಈ ಬೆಟ್ಟವನ್ನು ನೋಡಿ ನೋಡಿ ಈಗಷ್ಟೇ ನನ್ನ ಕೈಗೆ ಚಿತ್ರ ಹತ್ತುತ್ತಿದೆ. ಪ್ರಕೃತಿಗಿಂತ ದೊಡ್ಡ ಗುರು ಇಲ್ಲ ಎಂದವರು ನೀವೇ. ಇದನ್ನು ಅರ್ಧಕ್ಕೆ ಬಿಟ್ಟು ಹೋಗಲೇ?" ಎಂದು ಶಿಷ್ಯ ಕೇಳಿದ.

ಗುರು ಒಂದು ಕತೆ ಹೇಳಿದರು.

ಬಟ್ಟೆಗೆ ಬಣ್ಣ ಹಾಕುವವರ ಮನೆಯಲ್ಲಿ ಒಬ್ಬ ಮಗಳಿದ್ದಳು. ತಂದೆ ಇರಲಿಲ್ಲ. ತಾಯಿ ಬಣ್ಣದ ತೊಟ್ಟಿಯ ಮುಂದೆ ಕೂತೇ ಅವಳನ್ನು ಸಾಕಿದಳು. ಮಗಳಿಗೆ ಚಿತ್ರದ ಹುಚ್ಚು. ಬೆಳಗಾದರೆ ಕಾಡಿಗೆ ಹೋಗುವಳು. ಒಂದು ಎಲೆ ಚಿಗುರಿ, ಬಲಿತು, ಉದುರುವವರೆಗೆ ನೋಡಿದ ಮೇಲೆಯೇ ಅದನ್ನು ಬಟ್ಟೆಯ ಮೇಲೆ ಬರೆಯುವಳು. ಮನೆಗೆ ಬರುವ ಹೊತ್ತಿಗೆ ತೆಂಗಿನ ಚಿಪ್ಪುಗಳಲ್ಲಿ ಬಣ್ಣ ಸಿದ್ಧವಾಗಿರುತ್ತಿತ್ತು. ಅದು ಹೇಗೆ ಬಂತೆಂದು ಅವಳು ಕೇಳಿದವಳಲ್ಲ. ತಟ್ಟೆಗೆ ಬಿದ್ದ ಅನ್ನ ಹೇಗೆ ಬೆಂದಿತೆಂದು ಯಾವ ಮನೆಯಲ್ಲಿ ಕೇಳುತ್ತಾರೆ?

"ಇಂಥ ಹಸಿರು ಯಾರು ಕಲಿಸಿದರು?" ಎಂದು ಜನ ಕೇಳಿದರೆ, "ಕಾಡು" ಎನ್ನುವಳು. ಒಳಗಿದ್ದ ತಾಯಿಗೂ ಅದು ಕೇಳಿಸುತ್ತಿತ್ತು.

ಒಂದು ವರ್ಷ ತಾಯಿ ಹಾಸಿಗೆ ಹಿಡಿದಳು. ಆಗ ಮಗಳು ಇಡೀ ಕಾಡನ್ನು ಒಂದು ದೊಡ್ಡ ಬಟ್ಟೆಯ ಮೇಲೆ ಬರೆಯುತ್ತಿದ್ದಳು. ಒಂದೇ ಕೊಂಬೆ ಬಾಕಿ ಇರುವಾಗ ಹಸಿರಿನ ಚಿಪ್ಪು ಬರಿದಾಯಿತು.

"ಬಾರೇ, ಹತ್ತಿರ ಕೂತುಕೋ. ಹಸಿರು ಹೇಗೆ ಮಾಡೋದು ಅಂತ ಹೇಳ್ತೀನಿ," ಎಂದಳು ತಾಯಿ.

"ನೀನ್ಯಾಕಮ್ಮ ಆಯಾಸ ಮಾಡ್ಕೋತೀಯ? ಕಾಡು ತುಂಬ ಹಸಿರೇ ಇದೆ. ತಂದು ಅರೀತೀನಿ."

"ಕಾಡಲ್ಲಿರೋದು ಎಲೆ ಕಣೇ, ಬಣ್ಣ ಅಲ್ಲ. ಎಲೆಯ ನರ ನರ ಗೊತ್ತು ನಿನಗೆ. ಹೆತ್ತವಳ ಪಕ್ಕ ಒಂದು ಗಳಿಗೆ ಕೂರೋಕೆ ಮಾತ್ರ ಬಿಡುವಿಲ್ಲ."

"ಬಂದು ಕೂರ್ತೀನಿ," ಎಂದು ಮಗಳು ಹೊರಟಳು.

ಅವಳು ಎಳೆಯ ಎಲೆ ತಂದು ಅರೆದು ಹಚ್ಚಿದಳು. ಒಣಗಿದ ಮೇಲೆ ಅದು ಕಂದು ಬಣ್ಣಕ್ಕೆ ತಿರುಗಿತು. ಬೇರೆ ಎಲೆ ತಂದಳು. ಅದೂ ಹಾಗೇ ಆಯಿತು. ಮರುದಿನ ದೂರದ ಹಳ್ಳದವರೆಗೆ ಹೋಗಿ ಮತ್ತೊಂದು ಬಗೆಯ ಎಲೆಯನ್ನು ಮಡಿಲು ತುಂಬ ತಂದಳು. ಬಾಗಿಲಲ್ಲಿ ನೆರೆಯವರು ನಿಂತಿದ್ದರು. ತಾಯಿಯ ಜೀವ ಹೋಗಿತ್ತು.

ಮೈ ತೊಳೆಯಲು ಮಗಳೇ ಕೂತಳು. ಮುಚ್ಚಿದ್ದ ಮುಷ್ಟಿಗಳನ್ನು ಬಿಡಿಸಿದಳು. ಎಡಗೈ ಹಳದಿ. ದಾಳಿಂಬೆ ಸಿಪ್ಪೆ ಹಿಸುಕಿ ಹಿಸುಕಿ ಅಂಗೈ ಗೆರೆಗಳಲ್ಲಿ ಕೂತುಬಿಟ್ಟ ಹಳದಿ. ಬಲಗೈ ನೀಲಿ. ಆ ಕೈ ಇಟ್ಟ ತುತ್ತು ತಿಂದು ಬೆಳೆದವಳು ಅವಳು. ಎರಡು ಕೈಗೂ ಬೇರೆ ಬೇರೆ ಬಣ್ಣ ಇದೆಯೆಂದು ಅಂದೇ ಮೊದಲು ಕಂಡಳು.

"ಕೈ ಜೋಡಿಸಿ ಕಟ್ಟಮ್ಮ, ಹೊತ್ತಾಯಿತು," ಎಂದಳು ನೆರೆಮನೆಯ ಮುದುಕಿ.

ಮಗಳು ಒದ್ದೆ ಕೈಗಳನ್ನು ಜೋಡಿಸಿದಳು. ಎರಡು ಅಂಗೈಗಳ ನಡುವಿನಿಂದ ಇಳಿದ ನೀರು ತೆಳು ಹಸಿರಾಗಿತ್ತು. ಅದು ಬಚ್ಚಲ ಕಡೆಗೆ ಹರಿದು ಹೋಯಿತು.

ಗುರು ಅಲ್ಲಿಗೆ ನಿಲ್ಲಿಸಿದರು.

"ಆ ಚಿತ್ರ ಮುಗಿಯಿತೇ?" ಎಂದು ಶಿಷ್ಯ ಕೇಳಿದ.

"ಆ ಒಂದು ಕೊಂಬೆ ಇವತ್ತಿಗೂ ಕಂದು ಬಣ್ಣದ್ದೇ. ಅದಿರಲಿ, ನಿನ್ನ ತಾಯಿಯ ಅಂಗೈ ಹೇಗಿದೆ, ಹೇಳು."