ಕಮರದ ಕಾಡಿನ ಹಲಗೆ

ಕಲ್ಲುಗುಡ್ಡದ ಕಾಡನ್ನು ಗುರುತಿಸಲು ಬಂದ ಸರ್ವೆಯವರು ಎದೆಯೆತ್ತರದಲ್ಲಿ ಟೇಪು ಸುತ್ತಿ ಮರಗಳನ್ನಷ್ಟೇ ಅಳೆದರು. ಟೇಪಿಗೆ ಸಿಗದ ಹುಲ್ಲು, ಬಳ್ಳಿ, ಪೊದೆಗಳನ್ನು ತುಳಿದುಕೊಂಡೇ ಓಡಾಡಿದರು. ಕಮರದ ಮರಗಳೇ ಹೆಚ್ಚಾಗಿ ಕಂಡವು. ‘ಕಮರದ ಕಾಡು’ ಎಂದು ಬರೆದ ಹಲಗೆಯನ್ನು ಸಿಮೆಂಟಿನಲ್ಲಿ ನಿಲ್ಲಿಸಿ ಹೋದರು.

“ಅಣ್ಣಾ, ನಿನ್ನ ಬುಡದ ಮಣ್ಣನ್ನು ಹಿಡಿದಿಟ್ಟವಳು ನಾನು. ಹಲಗೆಯಲ್ಲಿ ನನಗೂ ಒಂದಿಷ್ಟು ಜಾಗ ಬೇಡವೇ?” ಎಂದಿತು ಹುಲ್ಲು.

“ನನ್ನ ಹೆಸರಿನೊಳಗೆ ನೀವೆಲ್ಲರೂ ಇದ್ದೀರಮ್ಮ. ಬೇರೆ ಬೇರೆ ಯಾಕೆ?” ಎಂದಿತು ದೊಡ್ಡ ಕಮರದ ಮರ.

ಮರುವರ್ಷ ಕಾಡು ಕಾಯುವವರು ಬಂದು ಹಲಗೆ ಓದಿದರು. ಅದರಲ್ಲಿ ಇಲ್ಲದ್ದೆಲ್ಲ ಕಳೆಯೆಂದು ಬೇರುಸಮೇತ ಕಿತ್ತು ಸುಟ್ಟರು.

“ಅಯ್ಯೋ, ಅವರೂ ಈ ಕಾಡಿನವರೇ! ನೀನಾದರೂ ಹೇಳು!” ಎಂದು ಕಮರ ಹಲಗೆಗೆ ಅಂಗಲಾಚಿತು.

“ನನ್ನ ಮೇಲೆ ಹಾಗೆ ಬರೆದಿಲ್ಲವಲ್ಲ” ಎಂದಿತು ಹಲಗೆ.

ಹಿಡಿಯುವವರಿಲ್ಲದ ಮಣ್ಣು ಮಳೆಗೆ ಕೊಚ್ಚಿಹೋಯಿತು. ಬೇರು ಬಯಲಾದ ಕಮರಗಳು ಒಂದೊಂದಾಗಿ ಉರುಳಿದವು. ಕೊನೆಗೆ ಉರುಳಿದ್ದು ಆ ದೊಡ್ಡ ಮರ.

ಈಗ ಬೋಳು ಬಂಡೆಗಳ ನಡುವೆ ಹಲಗೆಯೊಂದೇ ನಿಂತಿದೆ. ದಣಿದು ಬಂದ ಹಕ್ಕಿಯೊಂದು ಅದರ ಮೇಲೆ ಕೂತು, “ಇದು ಯಾವ ಜಾಗ?” ಎಂದು ಕೇಳಿತು.

“ಕಮರದ ಕಾಡು” ಎಂದಿತು ಹಲಗೆ, ಒಂಚೂರೂ ತಡವರಿಸದೆ.